ವಾಸನೆ ಬೇರೆ, ಘಾಟು ಬೇರೆ: ಮೂಗಿನ ಸೂಕ್ಷ್ಮತೆ ಅಳೆಯೋದು ಹೇಗೆ

ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಸೀದು ಹೋದರೆ ಹಾಲ್‌ನಲ್ಲಿ ಕೂತವರೂ ಕೆಮ್ಮುತ್ತಾರೆ. ನೆಗಡಿಯಾಗಿ ಯಾವ ವಾಸನೆಯೂ ತಿಳಿಯದವರಿಗೂ ಕಣ್ಣಲ್ಲಿ ನೀರು ಬರುತ್ತದೆ. ಅದು ವಾಸನೆಯಲ್ಲ, ಘಾಟು. ವಾಸನೆ ಹಿಡಿಯುವ ನರ ಮೂಗಿನ ಮೇಲ್ಭಾಗದಲ್ಲಿದೆ. ಘಾಟು, ಉರಿ, ನೀಲಗಿರಿ ಎಣ್ಣೆಯ ತಂಪು ಇವನ್ನೆಲ್ಲ ತಿಳಿಸುವುದು ಮುಖದ ಟ್ರೈಜೆಮಿನಲ್ ನರ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು.

ಮೊದಲು ವಾಸನೆ. ನಾನು ಕಾಲೇಜು ಲ್ಯಾಬಿನಲ್ಲಿ ಮಾಡಿಸುವುದು ಬ್ಯೂಟನಾಲ್ ಅನ್ನೋ ಒಂದು ಬಗೆಯ ಆಲ್ಕೋಹಾಲ್ ಮೂಸಿಸುವ ಪರೀಕ್ಷೆ. 1980ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ವಾಸನೆಯ ಸಂಶೋಧಕ ವಿಲಿಯಂ ಕೇನ್ ಮತ್ತು ಜೊತೆಗಾರರು ಬಳಕೆಗೆ ತಂದ ವಿಧಾನ ಇದು. 96 ಎಂಎಲ್ ಡಿಸ್ಟಿಲ್ಡ್ ವಾಟರ್‌ಗೆ 4 ಎಂಎಲ್ ಬ್ಯೂಟನಾಲ್ ಹಾಕಿ. ಇದು ಸೊನ್ನೆ ನಂಬರಿನ ಬಾಟಲಿ. ಇದರಿಂದ 20 ಎಂಎಲ್ ತೆಗೆದು 40 ಎಂಎಲ್ ನೀರಿಗೆ ಸೇರಿಸಿದರೆ ಒಂದನೇ ನಂಬರ್, ಅದರಿಂದ ಮತ್ತೆ 20 ತೆಗೆದು 40ಕ್ಕೆ ಸೇರಿಸಿದರೆ ಎರಡನೇದು, ಹೀಗೆ ಪ್ರತಿ ಸಲ ಮೂರನೇ ಒಂದು ಭಾಗಕ್ಕೆ ಇಳಿಸುತ್ತಾ ಒಂಬತ್ತರವರೆಗೆ ಹೋಗಿ. ಒಂದೇ ಥರದ, ಹಿಸುಕಲು ಬರುವ ಪ್ಲಾಸ್ಟಿಕ್ ಬಾಟಲಿ ಇರಲಿ, ಎಲ್ಲದರಲ್ಲೂ ಅಷ್ಟೇ ಅಳತೆ ಇರಲಿ, ನಂಬರ್ ತಳದಲ್ಲಿ ಬರೆಯಿರಿ. ಬ್ಯೂಟನಾಲ್‌ಗೆ ಬೆಂಕಿ ಹತ್ತುತ್ತದೆ, ಹತ್ತಿರ ಬರ್ನರ್ ಬೇಡ.

ಈಗ ಮುಖ್ಯವಾದ ಮಾತು. "ವಾಸನೆ ಬರ್ತಿದೆಯಾ?" ಅಂತ ಯಾವತ್ತೂ ಕೇಳಬೇಡಿ. ಮೊದಲ ವರ್ಷ ನಾನು ಹಾಗೇ ಕೇಳಿದ್ದೆ, ಬರೀ ನೀರಿನ ಬಾಟಲಿ ಮೂಸಿದ ಹುಡುಗರೂ ಹೂಂ ಅಂದರು. ಸುಳ್ಳು ಹೇಳಬೇಕು ಅಂತಲ್ಲ. ಏನೋ ಇರಬೇಕು ಅಂತ ಕಾಯುವ ಮನಸ್ಸಿಗೆ ಏನೋ ಬಂದ ಹಾಗೇ ಆಗುತ್ತದೆ. ಅದಕ್ಕೆ ಎರಡು ಬಾಟಲಿ ಕೊಡಿ, ಒಂದರಲ್ಲಿ ಬ್ಯೂಟನಾಲ್, ಇನ್ನೊಂದರಲ್ಲಿ ಬರೀ ನೀರು. "ಯಾವುದರಲ್ಲಿ ಜಾಸ್ತಿ?" ಅಂತ ಕೇಳಿ. ಗೊತ್ತಾಗದಿದ್ದರೂ ಒಂದನ್ನು ಆರಿಸಲೇಬೇಕು. ತುಂಬಾ ತೆಳುವಾದ ಒಂಬತ್ತನೇ ಬಾಟಲಿಯಿಂದ ಶುರು ಮಾಡಿ, ತಪ್ಪಿದರೆ ಒಂದು ಮೆಟ್ಟಿಲು ಮೇಲಕ್ಕೆ, ಅಂದರೆ ಅದಕ್ಕಿಂತ ಗಾಢವಾದ ಎಂಟಕ್ಕೆ, ಹೀಗೇ ಹೋಗಿ. ಒಂದೇ ಮೆಟ್ಟಿಲಲ್ಲಿ ಸತತ ನಾಲ್ಕು ಸಲ ಸರಿ ಹೇಳಿದರೆ ಅದೇ ಅವರ ಮಿತಿ. ಸುಮ್ನೆ ಊಹಿಸಿ ನಾಲ್ಕೂ ಸರಿಯಾಗುವ ಸಾಧ್ಯತೆ 16ರಲ್ಲಿ ಒಂದು. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ಮೂಗು ಒಗ್ಗಿಹೋಗುತ್ತದೆ. ಎಡ, ಬಲ ಹೊಳ್ಳೆ ಬೇರೆ ಬೇರೆ ನೋಡಿ. ಮಲ್ಲಿಗೆ ಮುಡಿದವರು, ಸೆಂಟ್ ಹಾಕಿದವರು, ಆಗಷ್ಟೇ ಕಾಫಿ ಕುಡಿದವರು ಇನ್ನೊಂದು ದಿನ ಬರಲಿ.

ಇನ್ನು ಘಾಟು. ವಾಸನೆ ಇದ್ದಾಗ ಘಾಟನ್ನು ಬಿಡಿಸಿ ಹೇಳುವುದು ಕಷ್ಟ ಅಲ್ವಾ? ಕೇನ್ ಮತ್ತು ಅವರ ಜೊತೆ ಕೆಲಸ ಮಾಡಿದ ಸಂಶೋಧಕ ಕೊಮೆಟ್ಟೊ-ಮುನಿಜ್ ಇದಕ್ಕೆ ವಾಸನೆಯೇ ತಿಳಿಯದವರನ್ನು ಕರೆದು ಪರೀಕ್ಷೆ ಮಾಡಿದರು. ಅವರಿಗೆ ಏನಾದರೂ ತಿಳಿದರೆ ಅದು ಘಾಟೇ. ಸಾಮಾನ್ಯವಾಗಿ ವಾಸನೆ ಹತ್ತುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆವಿ ಇದ್ದರೇನೇ ಘಾಟು ಹತ್ತುವುದು.

ಅಂಥವರು ಸಿಗದಿದ್ದರೆ ಇನ್ನೊಂದು ದಾರಿ ಇದೆ. ಒಂದು ಹೊಳ್ಳೆಗೆ ಆವಿ, ಇನ್ನೊಂದಕ್ಕೆ ಬರೀ ಗಾಳಿ, ಎರಡೂ ಬಾಟಲಿಗಳನ್ನು ಒಟ್ಟಿಗೇ ಹಿಸುಕಿ. ಕಣ್ಣು ಮುಚ್ಚಿಸಿ "ಯಾವ ಕಡೆ?" ಅಂತ ಕೇಳಿ. ಬರೀ ವಾಸನೆ ಯಾವ ಹೊಳ್ಳೆಯಿಂದ ಬಂತು ಅಂತ ನಮಗೆ ತಿಳಿಯುವುದಿಲ್ಲ. ಘಾಟು ಯಾವ ಕಡೆ ಹತ್ತಿತು ಅಂತ ತಿಳಿಯುತ್ತದೆ. ಹತ್ತಿಯ ಮೇಲೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿ ಬಾಟಲಿಯಲ್ಲಿಡಿ, ಆಮೇಲೆ ಗುಲಾಬಿ ವಾಸನೆಯ ಫಿನೈಲ್ ಈಥೈಲ್ ಆಲ್ಕೋಹಾಲ್‌ನಿಂದ ಅದನ್ನೇ ಮಾಡಿ. ನೀಲಗಿರಿ ಬಂದಾಗ ಹುಡುಗಿಯೊಬ್ಬಳು ಕೇಳುವ ಮೊದಲೇ ಎಡಗೈ ಎತ್ತಿದಳು. ಗುಲಾಬಿಗೆ ಕೈ ಎರಡೂ ಮೇಜಿನ ಮೇಲೇ ಉಳಿದವು. ಎಡ ಬಲ ಅದಲು ಬದಲು ಮಾಡುತ್ತಾ 20 ಸಲ ಮಾಡಿ. ಊಹೆಯಿಂದಲೇ 15 ಅಥವಾ ಜಾಸ್ತಿ ಸರಿಯಾಗುವುದು ನೂರಕ್ಕೆ ಸುಮಾರು ಎರಡು ಸಲ ಅಷ್ಟೇ.

ಅಮೋನಿಯಾ, ಆಸಿಡ್, ಬ್ಲೀಚ್ ಮೂಸಿಸಲೇಬೇಡಿ. ಆಸ್ತಮಾ ಇದ್ದವರನ್ನು ಕೂರಿಸಬೇಡಿ. ಉರಿ ಅಂದ ತಕ್ಷಣ ನಿಲ್ಲಿಸಿ.

ಸೊನ್ನೆ ನಂಬರಿನ ಬಾಟಲಿಯೂ ಯಾರಿಗಾದರೂ ತಿಳಿಯದಿದ್ದರೆ, ನೆಗಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಇನ್ನೊಂದು ದಿನ ಮತ್ತೆ ನೋಡಿ. ಆಗಲೂ ತಿಳಿಯದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿ. ಅಡುಗೆ ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಸೇರಿಸುವ ಮರ್ಕ್ಯಾಪ್ಟನ್ ವಾಸನೆ ಅವರಿಗೆ ಸಿಗದೇ ಹೋಗಬಹುದು, ಮನೆಗೊಂದು ಗ್ಯಾಸ್ ಡಿಟೆಕ್ಟರ್ ಹಾಕಿಸಲು ಅವತ್ತೇ ಹೇಳಿ.