ಹಾಲಿನ ಕಾರ್ಡಿನ ಅಳತೆಯಲ್ಲಿ ಫಿಟ್ಸ್ ಲೆಕ್ಕ: ಚಿಕ್ಕಬಳ್ಳಾಪುರದಲ್ಲಿ ನನ್ನ ಅನುಭವ

ವಿಎನ್‌ಎಸ್ (ಫಿಟ್ಸ್ ತಗ್ಗಿಸಲು ಎದೆಯ ಚರ್ಮದಡಿ ಇಟ್ಟು, ಕತ್ತಿನ ವೇಗಸ್ ನರವನ್ನು ವಿದ್ಯುತ್ತಿನಿಂದ ಆಗಾಗ ಉತ್ತೇಜಿಸುವ ಯಂತ್ರ) ಹಾಕಿಸಿಕೊಂಡ ಹಳ್ಳಿಯ ರೋಗಿಗಳಿಂದ ಸಂಶೋಧನೆಗೆ ನಿಲ್ಲುವಂಥ ಫಿಟ್ಸ್ ಲೆಕ್ಕ ಎಂದೂ ಸಿಗುವುದಿಲ್ಲ ಎಂದು ಬೆಂಗಳೂರಿನ ಹಿರಿಯ ಸಹೋದ್ಯೋಗಿಗಳು ನನಗೆ ಹೇಳಿದ್ದು ಒಂದೆರಡು ಸಲವಲ್ಲ. ಕಳೆದ ವರ್ಷ ಅವರಲ್ಲೇ ಇಬ್ಬರು, ಮನೆಯವರು ಫಿಟ್ಸ್ ಬರೆದಿಡಲೆಂದು ನಾನು ಮಾಡಿಸಿದ ಪುಸ್ತಕದ ಮಾದರಿಯನ್ನು ಕೇಳಿ ತರಿಸಿಕೊಂಡರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಯಂತ್ರದ ಬಗ್ಗೆ ಇಷ್ಟು ಸಾಕು. ನನ್ನ ತಲೆನೋವು ಎಣಿಕೆಯದು. 1998ರಲ್ಲಿ ಪ್ರಕಟವಾದ, ಈ ಯಂತ್ರದ ದೊಡ್ಡ ಪ್ರಯೋಗವನ್ನೇ ನೋಡಿ. ಹೆಚ್ಚಿನ ಉತ್ತೇಜನ ಪಡೆದವರಲ್ಲಿ ಫಿಟ್ಸ್ ಸರಾಸರಿ ಶೇ. 28ರಷ್ಟು ಇಳಿಯಿತು, ಕಡಿಮೆ ಉತ್ತೇಜನ ಪಡೆದವರಲ್ಲಿ ಶೇ. 15ರಷ್ಟು. ಇಷ್ಟು ಸಣ್ಣ ಅಂತರದ ಮೇಲೆ ಇಡೀ ವಾದ ನಿಂತಿರುವಾಗ, ತಿಂಗಳಿಗೆ ಹತ್ತು ಫಿಟ್ಸ್ ಬರುವ ಹುಡುಗನ ಮನೆಯವರು ಎರಡನ್ನು ಬರೆಯದೇ ಬಿಟ್ಟರೆ ಏನಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಜರ್ಮನಿಯ ಬಾನ್ ನಗರದಿಂದ 2007ರಲ್ಲಿ ಬಂದ ವರದಿ ಇನ್ನೂ ಕಹಿ. ವಿಡಿಯೊ ಇಇಜಿ (ರೋಗಿಯ ಚಿತ್ರವನ್ನೂ ಮೆದುಳಿನ ಅಲೆಗಳನ್ನೂ ಒಟ್ಟಿಗೆ ದಾಖಲಿಸುವ) ವಾರ್ಡಿನಲ್ಲಿ ಮಲಗಿದ್ದ ರೋಗಿಗಳೇ ತಮಗೆ ಬಂದ ಫಿಟ್ಸ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ದಾಖಲಿಸಲಿಲ್ಲ. ನಿದ್ದೆಯಲ್ಲಿ ಬಂದವುಗಳಲ್ಲಂತೂ ಶೇ. 86ರಷ್ಟು ತಪ್ಪಿಹೋದವು. ಯುರೋಪಿನ ವಾರ್ಡಿನ ಪಾಡೇ ಹೀಗಿರುವಾಗ ಶಿಡ್ಲಘಟ್ಟದ ಹಳ್ಳಿಯನ್ನು ಮಾತ್ರ ಯಾಕೆ ಅನುಮಾನಿಸಬೇಕು?

ಮೊದಲು ಬೆಂಗಳೂರಿನಿಂದ ಬಂದ ನಾಲ್ಕು ಪುಟದ ಫಾರಂ ಕೊಟ್ಟು ನೋಡಿದೆ. ಅದು ಖಾಲಿ ಮರಳುತ್ತಿತ್ತು, ಇಲ್ಲವೇ ಒಂದೇ ಪೆನ್ನಿನಲ್ಲಿ, ಒಂದೇ ಅಕ್ಷರದಲ್ಲಿ, ಬಸ್ ನಿಲ್ದಾಣದಲ್ಲಿ ಕೂತು ತುಂಬಿಸಿದಂತೆ ಬರುತ್ತಿತ್ತು. ಆಮೇಲೆ ಯಲಹಂಕದ ಹುಡುಗನೊಬ್ಬನಿಗೆ ನಲವತ್ತು ಸಾವಿರದ ಹತ್ತಿರ ಕೊಟ್ಟು ಮೊಬೈಲ್ ಆ್ಯಪ್ ಮಾಡಿಸಿದೆ. ಆ್ಯಪ್ ಚೆನ್ನಾಗಿಯೇ ಇತ್ತು, ಆದರೆ ಮನೆಯಲ್ಲಿದ್ದ ಒಂದೇ ಒಳ್ಳೆಯ ಮೊಬೈಲ್ ಕೆಲಸಕ್ಕೆ ದೇವನಹಳ್ಳಿಗೆ ಹೋಗುವ ಅಣ್ಣನ ಜೇಬಿನಲ್ಲಿರುತ್ತಿತ್ತು. ಮಿಸ್ಡ್ ಕಾಲ್ ಪದ್ಧತಿ ರೀಚಾರ್ಜ್ ಮುಗಿದ ದಿನ ಮುಗಿಯಿತು. ಆಶಾ ಕಾರ್ಯಕರ್ತೆಯರಿಗೆ ಕೈಯಿಂದ ಗೌರವಧನ ಕೊಟ್ಟು ಕೇಳಿಸಿದೆ. ಅವರ ಅಂಕಿ ಪ್ರತಿ ತಿಂಗಳೂ ಇಳಿಯುತ್ತಲೇ ಹೋಯಿತು, ಉತ್ತೇಜನ ಇನ್ನೂ ಶುರುವಾಗದವರಲ್ಲಿ ಕೂಡ! ಡಾಕ್ಟರರಿಗೆ ಬೇಸರವಾಗಬಾರದೆಂಬ ಒಳ್ಳೆಯತನ ಅದು. ಒಟ್ಟು ಒಂದು ಲಕ್ಷ ದಾಟಿತ್ತು ಅಂತ ನೆನಪು. ಮನೆಯವರು ಲೆಕ್ಕ ಕೇಳುವುದನ್ನೇ ಬಿಟ್ಟಿದ್ದರು.

ದಾರಿ ತೋರಿಸಿದ್ದು ಶಿಡ್ಲಘಟ್ಟದ ಕಡೆಯ ಒಬ್ಬ ತಾಯಿ. ನನ್ನ ಫಾರಂ ಎಲ್ಲಿಟ್ಟಿದ್ದಾರೋ ಅವರಿಗೇ ಗೊತ್ತಿರಲಿಲ್ಲ. ಬದಲಿಗೆ ಹಾಲಿನ ಡೈರಿಯ ಕಾರ್ಡು ತಂದು ತೋರಿಸಿದರು. ಬೆಳಿಗ್ಗೆ, ಸಂಜೆ, ಲೀಟರ್, ಫ್ಯಾಟ್, ಅದರ ಅಂಚಿನಲ್ಲಿ ಪೆನ್ಸಿಲ್ಲಿನ ಕತ್ತರಿ ಗುರುತುಗಳು. “ಮಗನಿಗೆ ಬಂದ ದಿನ ಇಲ್ಲೇ ಹಾಕಿಕೊಳ್ಳುತ್ತೇನೆ. ಇದನ್ನು ಮರೆತರೆ ದುಡ್ಡು ಹೋಗುತ್ತದಲ್ಲ ಡಾಕ್ಟರೇ, ಹಾಗಾಗಿ ಕಾರ್ಡು ಕಳೆಯುವುದಿಲ್ಲ” ಎಂದರು.

ಹಾಗಾಗಿ ಫಿಟ್ಸ್ ಪುಸ್ತಕವನ್ನು ಹಾಲಿನ ಕಾರ್ಡಿನ ಅಳತೆಗೇ ಮಾಡಿಸಿದೆ. ಬೆಳಿಗ್ಗೆ, ಸಂಜೆ ಎಂಬ ಅವೇ ಎರಡು ಅಂಕಣ, ನನ್ನದಾಗಿ ರಾತ್ರಿಯ ಮೂರನೆಯದು. ಫ್ಯಾಟ್ ಬರೆಯುವ ಜಾಗದಲ್ಲಿ ಬಗೆ: ಬಿದ್ದದ್ದು, ಸುಮ್ಮನೆ ದಿಟ್ಟಿಸಿದ್ದು, ಮುನ್ಸೂಚನೆ ಮಾತ್ರ ಬಂದದ್ದು. ಬಿ.ಬಿ. ರಸ್ತೆಯ ಮುದ್ರಣಾಲಯದಲ್ಲಿ ಒಂದಕ್ಕೆ ಹನ್ನೆರಡು ರೂಪಾಯಿಯ ಹಾಗೆ ಬಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಸೊನ್ನೆ. ಹಾಲು ಹಾಕದ ಹೊತ್ತಿಗೂ ಕಾರ್ಡಿನಲ್ಲಿ ಗೆರೆ ಎಳೆಯುವ ಅಭ್ಯಾಸ ಆ ಮನೆಗಳಲ್ಲಿ ಇದ್ದೇ ಇದೆ. ಅದರಿಂದ ಫಿಟ್ಸ್ ಬಾರದ ಹೊತ್ತಿಗೆ ಸೊನ್ನೆ ಬರೆಯಿರಿ ಎಂದಾಗ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಖಾಲಿ ಬಿಟ್ಟ ಚೌಕ ಬೇರೆ (ಬರೆದಿಲ್ಲ), ಸೊನ್ನೆ ಬೇರೆ (ಬಂದೇ ಇಲ್ಲ). ಈ ಒಂದು ವ್ಯತ್ಯಾಸವನ್ನು ಆ ನಲವತ್ತು ಸಾವಿರದ ಆ್ಯಪ್ ನನಗೆ ಕೊಟ್ಟಿರಲಿಲ್ಲ. ಹಾಲಿನ ಬಟವಾಡೆಯ ದಿನ ಫೋನ್ ಮಾಡಿ ಪುಟವನ್ನು ಓದಿಸಿಕೊಳ್ಳುತ್ತೇನೆ.

ರಾತ್ರಿಯ ಲೆಕ್ಕದಲ್ಲಿ ನಮ್ಮ ಹಳ್ಳಿಗಳು ಬಾನ್ ವಾರ್ಡನ್ನು ಮೀರಿಸುತ್ತವೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಲ್ಲಿ ಬರೆಯಬೇಕಾದವನು ರೋಗಿ, ಇಲ್ಲಿ ಬರೆಯುವವರು ಮನೆಯವರು. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಮಲಗುತ್ತಾರೆ, ಅಜ್ಜಿಗೆ ನಿದ್ದೆ ಕಡಿಮೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಬಾಗಿಲು ಹಾಕಿಕೊಂಡು ಮಲಗುವ ಹುಡುಗನ ರಾತ್ರಿ ಯಾರಿಗೂ ಕಾಣುವುದಿಲ್ಲ.

ನಂಬದವರ ಬಾಯಿ ಮುಚ್ಚಿಸಿದ್ದು ಯಂತ್ರದ ಜೊತೆ ರೋಗಿಗೆ ಕೊಡುವ ಅಯಸ್ಕಾಂತ. ಫಿಟ್ಸ್ ಬಂದಾಗ ಹೆಚ್ಚುವರಿ ಉತ್ತೇಜನಕ್ಕೆಂದು ಅದನ್ನು ಎದೆಯ ಮೇಲೆ ಆಡಿಸಿದ ಸಮಯವನ್ನು ಯಂತ್ರವೇ ನೆನಪಿಟ್ಟುಕೊಳ್ಳುತ್ತದೆ, ಹಳೆಯ ಮಾದರಿಗಳಲ್ಲಿ ಕೊನೆಯ ಕೆಲವನ್ನು ಮಾತ್ರ. ಅದನ್ನು ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ಹತ್ತರಲ್ಲಿ ಎಂಟು ಹೊಂದುತ್ತಿದ್ದವು. ಉಳಿದದ್ದು ಹೆಚ್ಚಾಗಿ ಮಕ್ಕಳು ಆಟಕ್ಕೆ ಆಡಿಸಿದ್ದು. ನನ್ನ ಬಳಿ ಬರುವ ಹಿಂದಿನ ರಾತ್ರಿ ಒಟ್ಟಿಗೆ ತುಂಬಿಸಿದ ಪುಟವನ್ನು ಪತ್ತೆ ಹಚ್ಚುವುದಕ್ಕೂ ನನ್ನ ಬಳಿ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆದರೆ ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ.

ಲೆಕ್ಕ ಸರಿಯಾದ ಮೇಲೆ ಇನ್ನೊಂದು ಗಂಟು ಕಣ್ಣಿಗೆ ಬಿತ್ತು. ಒಬ್ಬ ಹುಡುಗನಿಗೆ ಯಂತ್ರದ ವಿದ್ಯುತ್ತನ್ನು 0.25 ಮಿಲಿಆಂಪಿನ ಹೆಜ್ಜೆಗಳಲ್ಲಿ ಏರಿಸುತ್ತಾ 1.25ಕ್ಕೆ ಬಂದಾಗ ಫಿಟ್ಸ್ ದಿಢೀರನೆ ಹೆಚ್ಚಿತು. ಯಂತ್ರದ ಕಡೆಯವರು ಹಿಂದಕ್ಕೆ ಇಳಿಸಿ ಎಂದರು. ಪುಸ್ತಕ ಬೇರೆಯದೇ ಹೇಳಿತು. ಅದು ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ವಾರ. ಹಗಲು ರಾತ್ರಿ ಸೊಪ್ಪು ಹಾಕಬೇಕು, ಹುಡುಗನಿಗೂ ನಿದ್ದೆಯಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಹೆಚ್ಚುವುದು ನಮಗೆಲ್ಲ ಗೊತ್ತಿದ್ದದ್ದೇ. ಇಳಿಸದೆ ಕಾದೆ. ಗೂಡು ಬಿಡಿಸುವ ಹೊತ್ತಿಗೆ ಅಂಕಿ ಮತ್ತೆ ಕೆಳಗೆ ಬಂತು. ಈಗ ಹುಳು ಸಾಕುವ ಮನೆಗಳಲ್ಲಿ ಚಾಕಿ (ಮರಿಹುಳು) ತಂದ ದಿನವನ್ನೂ ಪುಸ್ತಕದಲ್ಲಿ ಬರೆಸುತ್ತೇನೆ, ಕೊನೆಯ ವಾರದಲ್ಲಿ ಹೆಜ್ಜೆ ಏರಿಸುವುದಿಲ್ಲ. ಒಂದು ಬೆಳೆಗೆ ನಾಲ್ಕು ವಾರದ ಹತ್ತಿರ ಹಿಡಿಯುತ್ತದೆ. ಸಂಶೋಧನೆಯಲ್ಲಿ ಫಿಟ್ಸ್ ಎಣಿಸುವ ಅವಧಿಯೂ 28 ದಿನ. ಇಬ್ಬರ ಪುಟಗಳನ್ನು ಬೆಳೆಗೆ ಬೆಳೆ ಜೋಡಿಸಿ ನೋಡುತ್ತಿದ್ದೇನೆ, ಅದರ ಕಥೆ ಇನ್ನೊಮ್ಮೆ.

ಗಂಟಲಿನ ವಿಷಯ. ಗೌರಿಬಿದನೂರು ಕಡೆಯ ಒಬ್ಬ ಮೇಷ್ಟರಿಗೆ ಐದೈದು ನಿಮಿಷಕ್ಕೊಮ್ಮೆ ಉತ್ತೇಜನ ಬಂದಾಗಲೆಲ್ಲ ಪಾಠದ ನಡುವೆ ಧ್ವನಿ ಒಡೆಯುತ್ತಿತ್ತು. ಪಲ್ಸ್ ಅಗಲವನ್ನು (ಒಂದೊಂದು ವಿದ್ಯುತ್ ಮಿಡಿತದ ಅವಧಿಯನ್ನು) 500ರಿಂದ 250 ಮೈಕ್ರೊಸೆಕೆಂಡಿಗೆ ಇಳಿಸಿದೆ, ಪದ್ಯ ಹೇಳಿಕೊಡುವ ಹೊತ್ತಿಗೆ ಅಯಸ್ಕಾಂತವನ್ನು ಯಂತ್ರದ ಮೇಲೆ ಹಿಡಿದುಕೊಳ್ಳಲು ಕಲಿಸಿದೆ. ಹಿಡಿದಷ್ಟು ಹೊತ್ತು ಉತ್ತೇಜನ ನಿಲ್ಲುತ್ತದೆ. ಭುಜ ನೋವೆಂದು ಫಿಸಿಯೊಥೆರಪಿಗೆ ಹೋಗುವವರಿಗೆ ಡಯಾಥರ್ಮಿ (ಅಲೆಗಳಿಂದ ಮೈಯೊಳಗೆ ಬಿಸಿ ಕೊಡುವ ಚಿಕಿತ್ಸೆ) ಕೂಡದೆಂದು ಪುಸ್ತಕದ ಹಿಂಬದಿಯಲ್ಲೇ ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ.

ಕಿವಿಯ ಮೂಲಕ ವೇಗಸ್ ಉತ್ತೇಜಿಸುವ ಹುಚ್ಚು ನನಗೂ ಹಿಡಿದಿತ್ತು. ಸ್ವಂತ ಎಡಗಿವಿಯ ಮೇಲೆ ಕೆಲವು ಸಂಜೆ ಪ್ರಯೋಗಿಸಿ ಜುಮುಜುಮು ಅನುಭವಿಸಿದ್ದು ಬಿಟ್ಟರೆ ಮುಂದುವರಿಯಲಿಲ್ಲ. 2016ರ ಜರ್ಮನ್ ಪ್ರಯೋಗದಲ್ಲಿ 25 ಹರ್ಟ್ಸ್ ಗುಂಪಿನಲ್ಲಿ ಪೂರ್ತಿ ಅವಧಿ ಮುಗಿಸಿದವರಿಗೆ ಮೂರನೇ ಒಂದು ಭಾಗದಷ್ಟು ಇಳಿಕೆಯಾಯಿತು, ಆದರೆ ಹೋಲಿಕೆಗೆಂದು ಇಟ್ಟ 1 ಹರ್ಟ್ಸ್ ಗುಂಪಿಗೂ ಅದಕ್ಕೂ ನಡುವಿನ ವ್ಯತ್ಯಾಸ ಸಾಬೀತಾಗಲಿಲ್ಲ. ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ರೋಗಿಯ ಕಿವಿಗೆ ನಾನು ಕೈಹಚ್ಚುವುದಿಲ್ಲ.

ಫಲಿತಾಂಶ? ವರ್ಷ ದಾಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಫಿಟ್ಸ್ ಅರ್ಧಕ್ಕೆ ಇಳಿದಿದೆ. ಹೊರಗಿನ ವರದಿಗಳೂ ಹೀಗೇ ಹೇಳುತ್ತವೆ, ನನ್ನ ಅಂಕಿ ಅವುಗಳಿಗೆ ಹತ್ತಿರ ಬಂದದ್ದೇ ನನಗೆ ಸಮಾಧಾನ. ಇಬ್ಬರಿಗೆ ಏನೂ ಆಗಲಿಲ್ಲ. ಅದರಲ್ಲೊಂದು ಮನೆಯವರು ಯಂತ್ರಕ್ಕೆಂದು ಮಾಡಿದ ಎಂಟೊಂಬತ್ತು ಲಕ್ಷದ ಸಾಲವನ್ನು ಇನ್ನೂ ತೀರಿಸುತ್ತಿದ್ದಾರೆ, ಅವರ ಪುಸ್ತಕದಲ್ಲಿ ಒಂದು ಹೊತ್ತೂ ಖಾಲಿಯಿಲ್ಲ.

ಹಸುವಿಲ್ಲದ ಮನೆಗಳಲ್ಲಿ ಈ ಪುಸ್ತಕ ಅಷ್ಟಾಗಿ ನಡೆಯುತ್ತಿಲ್ಲ. ಚಿಂತಾಮಣಿ ಪಟ್ಟಣದ ಒಬ್ಬ ಅಂಗಡಿಯವರಿಗೆ ಉದ್ರಿ ಪುಸ್ತಕದ ಮಾದರಿಯಲ್ಲಿ ಒಂದನ್ನು ಮಾಡಿಸಿ ಕೊಟ್ಟಿದ್ದೇನೆ. ಮೊದಲ ಎರಡು ಪುಟ ಪರವಾಗಿಲ್ಲ.