ಆರ್‌ವಿಯ ವಾಟರ್ ಹೀಟರ್ ಸೋರಿದಾಗ: ನೀರು ಕಂಡ ಜಾಗವನ್ನು ನಂಬಬೇಡಿ

ಅಮೆರಿಕದಲ್ಲಿ ಆರ್‌ವಿ (ಮನೆಯಂತೆ ವಾಸಿಸಬಹುದಾದ ಪ್ರವಾಸದ ಗಾಡಿ) ಇಟ್ಟುಕೊಂಡವರು ವಾಟರ್ ಹೀಟರಿನ ಬಳಿ ನೀರು ಕಂಡ ಕೂಡಲೇ ಟ್ಯಾಂಕು ತೂತಾಗಿದೆ ಎಂದು ತೀರ್ಮಾನಿಸಿ, ಹೊಸ ಹೀಟರಿನ ಬೆಲೆ ವಿಚಾರಿಸಲು ತೊಡಗುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಮಂಚದ ಕೆಳಗಿನ ಹಲಗೆ ಒದ್ದೆಯಾಗಿತ್ತು, ಹೀಟರಿನ ಹಿಂಬದಿಯ ತಳದಿಂದ ನೀರು ಇಳಿಯುತ್ತಿತ್ತು. ಅರ್ಧ ದಿನ ಹುಡುಕಿದ ಮೇಲೆ ತಿಳಿದದ್ದು, ಬಿಸಿನೀರು ಹೊರಬರುವ ಮೇಲಿನ ಜೋಡಣೆಯಲ್ಲಿ ಬೆರಳುಗುರಿನಷ್ಟು ದೊಡ್ಡ ರಬ್ಬರ್ ವಾಶರ್ ಒಂದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತೆಂಬುದು. ಟ್ಯಾಂಕನ್ನು ಸುತ್ತುವರಿದ ಥರ್ಮಾಕೋಲಿನ ಹೊದಿಕೆಯ ಸಂದಿನಲ್ಲಿ ನೀರು ಸದ್ದಿಲ್ಲದೆ ಇಳಿದು, ಹೊದಿಕೆ ಮುಗಿದಲ್ಲಿ ಹೊರಬರುತ್ತದೆ. ಆದ್ದರಿಂದ ನೀರು ಕಂಡ ಜಾಗಕ್ಕೂ ಅದು ಹೊರಟ ಜಾಗಕ್ಕೂ ಒಂದಡಿಗೂ ಹೆಚ್ಚು ಅಂತರವಿರಬಹುದು.

ಹುಡುಕಾಟಕ್ಕೆ ಮುನ್ನ ಹೀಟರಿನ ವಿದ್ಯುತ್ತು ಮತ್ತು ಗ್ಯಾಸು ಎರಡನ್ನೂ ನಿಲ್ಲಿಸಬೇಕು. 120 ವೋಲ್ಟಿನ ಬ್ರೇಕರನ್ನು ಕೆಳಗಿಳಿಸಿ, ಒಳಗಿನ ಗ್ಯಾಸಿನ ಸ್ವಿಚ್ಚನ್ನು ಆರಿಸಿ, ಪ್ರೊಪೇನ್ ಸಿಲಿಂಡರನ್ನು ಮುಚ್ಚಿರಿ. ಗಾಡಿಯ ನೀರಿನ ಪಂಪನ್ನೂ ಹೊರಗಿನ ನಲ್ಲಿಯನ್ನೂ ನಿಲ್ಲಿಸಿದ ಬಳಿಕ ಒಂದು ಬಿಸಿನೀರಿನ ನಲ್ಲಿಯನ್ನು ತೆರೆದು ಒತ್ತಡ ಇಳಿಸಿ, ಟ್ಯಾಂಕು ತಣಿಯುವವರೆಗೆ ಕೆಲವು ಗಂಟೆ ಕಾಯಬೇಕು. ಒತ್ತಡವಿರುವಾಗ ಟ್ಯಾಂಕನ್ನು ಬರಿದು ಮಾಡುವ ಕೆಳಗಿನ ಪ್ಲಗ್ಗನ್ನು ಬಿಚ್ಚಿದರೆ ಕುದಿಯುವ ನೀರು ನೇರವಾಗಿ ಎದೆಗೆ ಹಾರುತ್ತದೆ; ಇಲ್ಲಿ ಅವಸರಕ್ಕೆ ಎಡೆಯಿಲ್ಲ.

ತಣಿದ ಮೇಲೆ ಗಾಡಿಯ ಹೊರಬದಿಯಲ್ಲಿರುವ ಹೀಟರಿನ ಬಾಗಿಲಿನ ಒಳಭಾಗವನ್ನೂ ಒಳಗಡೆ ಹೀಟರಿನ ಹಿಂಬದಿಯನ್ನೂ ಬಟ್ಟೆಯಿಂದ ಸಂಪೂರ್ಣವಾಗಿ ಒರೆಸಿ ಒಣಗಿಸಿರಿ. ಪ್ರತಿಯೊಂದು ಜೋಡಣೆಗೂ ಟಿಶ್ಯೂ ಕಾಗದದ ಒಂದೊಂದು ತುಂಡು ಸುತ್ತಿ, ಕೆಳಗೆ ಹಳೆಯ ಪತ್ರಿಕೆ ಹಾಸಿರಿ. ಬಳಿಕ ಹೀಟರನ್ನು ಹಚ್ಚದೆ ಪಂಪನ್ನು ಮಾತ್ರ ನಡೆಸಿ, ಎಲ್ಲ ನಲ್ಲಿಗಳನ್ನೂ ಮುಚ್ಚಿ ಕಾದು ನೋಡಬೇಕು. ಯಾರೂ ನೀರು ಬಳಸದಿದ್ದರೂ ಪಂಪು ಕೆಲವು ನಿಮಿಷಗಳಿಗೊಮ್ಮೆ ಗುರ್ ಎಂದು ನಿಂತರೆ ಎಲ್ಲೋ ನೀರು ಹೋಗುತ್ತಿದೆ ಎಂದರ್ಥ. ಪಂಪಿನದೇ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ಸಡಿಲಗೊಂಡು ನೀರು ಸಂಗ್ರಹದ ಟ್ಯಾಂಕಿಗೆ ಹಿಂದಿರುಗುವ ಸಾಧ್ಯತೆಯನ್ನೂ ಮರೆಯಬಾರದು. ಹೀಟರಿನ ಹಿಂದೆ, ನೀರನ್ನು ಟ್ಯಾಂಕಿಗೆ ಬಿಡದೆ ನೇರವಾಗಿ ಮುಂದಕ್ಕೆ ಕಳಿಸುವ ಬೈಪಾಸ್ ವಾಲ್ವುಗಳಿದ್ದರೆ ಅವುಗಳನ್ನು ತಿರುಗಿಸಿ ಟ್ಯಾಂಕನ್ನು ಪ್ರತ್ಯೇಕಿಸಿ ನೋಡಿರಿ: ಪಂಪು ಆಗ ಸುಮ್ಮನಾದರೆ ಸೋರಿಕೆ ಟ್ಯಾಂಕಿನ ಕಡೆಯದು, ಇಲ್ಲವಾದರೆ ಉಳಿದ ಪೈಪುಗಳದು ಅಥವಾ ಪಂಪಿನದು. ಮೂರು ವಾಲ್ವುಗಳ ಜೋಡಣೆಯಲ್ಲಿ ಈ ಪರೀಕ್ಷೆ ಖಚಿತ; ಒಂದೇ ವಾಲ್ವಿನ ಜೋಡಣೆಯಲ್ಲಿ ಟ್ಯಾಂಕು ಪೂರ್ತಿಯಾಗಿ ಬೇರ್ಪಡುವುದಿಲ್ಲ.

ತಣ್ಣಗಿರುವಾಗ ಒಣಗಿದ್ದು, ಬಿಸಿಯಾದಾಗ ಮಾತ್ರ ಹೊರಬದಿಯಲ್ಲಿ ತೊಟ್ಟಿಕ್ಕುವ ಹೀಟರಿನ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಹೆಚ್ಚು ಮೋಸಹೋಗುವುದು ಇಲ್ಲಿಯೇ. ಹೊರಬಾಗಿಲು ತೆರೆದರೆ ಮೇಲ್ಭಾಗದಲ್ಲಿ ಸಣ್ಣ ಹಿಡಿಯಿರುವ ರಿಲೀಫ್ ವಾಲ್ವ್ ಕಾಣುತ್ತದೆ. ಒತ್ತಡ 150 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆದಾಗ ಅಥವಾ ಶಾಖ 210 ಡಿಗ್ರಿ ಫ್ಯಾರನ್‌ಹೀಟ್ ತಲುಪಿದಾಗ ತೆರೆದುಕೊಳ್ಳುವುದೇ ಅದರ ಕೆಲಸ. 6 ಗ್ಯಾಲನ್ನಿನ ಟ್ಯಾಂಕಿನಲ್ಲಿ ಸುಮಾರು 23 ಲೀಟರ್ ನೀರಿರುತ್ತದೆ. 15 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಕಾಯುವಾಗ ಅದು ಮೂರನೇ ಒಂದು ಲೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಬಂದ ದಾರಿಯಲ್ಲಿ ಚೆಕ್ ವಾಲ್ವ್ ಇರುವುದರಿಂದ ಹಿಗ್ಗಿದ ನೀರಿಗೆ ಹಿಂದಕ್ಕೆ ಹೋಗಲು ಜಾಗವಿಲ್ಲ. ಟ್ಯಾಂಕಿನ ತಲೆಯಲ್ಲಿ ಉಳಿದಿರುವ ಗಾಳಿಯ ಪದರವೇ ಈ ಹಿಗ್ಗನ್ನು ತಾಳಿಕೊಳ್ಳುತ್ತದೆ. ದಿನ ಕಳೆದಂತೆ ಆ ಗಾಳಿ ನೀರಿನಲ್ಲಿ ಕರಗಿಹೋಗುತ್ತದೆ, ಒತ್ತಡ ಏರುತ್ತದೆ, ವಾಲ್ವ್ ಜಿನುಗುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ಗಾಳಿಯನ್ನು ಮತ್ತೆ ತುಂಬುವುದು ಸುಲಭ. ಹೀಟರನ್ನು ಆರಿಸಿ ತಣಿಸಿ, ನೀರಿನ ಪೂರೈಕೆ ನಿಲ್ಲಿಸಿ, ಒಳಗೆ ಒಂದು ಬಿಸಿನೀರಿನ ನಲ್ಲಿಯನ್ನು ತೆರೆದಿಡಿ. ರಿಲೀಫ್ ವಾಲ್ವಿನ ಹಿಡಿಯನ್ನು ಎಳೆದು, ನೀರು ಹರಿದು ತಾನಾಗಿ ನಿಲ್ಲುವವರೆಗೂ ಹಿಡಿದುಕೊಂಡು, ಬಳಿಕ ಫಟ್ಟನೆ ಬಿಡಿ. ನಲ್ಲಿಯನ್ನು ಮುಚ್ಚಿ ನೀರನ್ನು ಬಿಟ್ಟರೆ ಮೇಲೆ ಗಾಳಿ ಸಿಕ್ಕಿಕೊಂಡಿರುತ್ತದೆ. ಇಷ್ಟಾದ ಮೇಲೂ ತೊಟ್ಟಿಕ್ಕಿದರೆ ವಾಲ್ವಿನ ಪೀಠದಲ್ಲಿ ಸುಣ್ಣದಂಥ ಗಸಿ ಕೂತಿರಬಹುದು. ಹಿಡಿಯನ್ನು ಎರಡು ಮೂರು ಸಲ ಎಳೆದು ಬಿಟ್ಟು ನೋಡಿ, ಸರಿಹೋಗದಿದ್ದರೆ ಅದೇ ಅಳತೆಯ, ಅದೇ ಒತ್ತಡ ಮತ್ತು ಶಾಖದ ಗುರುತಿರುವ ಹೊಸ ವಾಲ್ವ್ ಹಾಕಿರಿ. ತೊಟ್ಟಿಕ್ಕುತ್ತದೆಂದು ಅದರ ಬಾಯಿಗೆ ಬಿರಡೆ ಜಡಿಯುವವರನ್ನು ಕಂಡಿದ್ದೇನೆ. ಅದು ಬಾಂಬನ್ನು ಕಟ್ಟಿಕೊಂಡು ಮಲಗಿದಂತೆ. ವಾಲ್ವಿನಿಂದ ಕುದಿನೀರು ಎಡೆಬಿಡದೆ ಸುರಿಯುತ್ತಿದ್ದರೆ ಅದು ಹಿಗ್ಗಿನ ವಿಷಯವಲ್ಲ, ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೈಕೊಟ್ಟಿರುವ ಲಕ್ಷಣ. ಹೀಟರನ್ನು ತಕ್ಷಣ ಆರಿಸಿ, ದುರಸ್ತಿಯಾಗುವವರೆಗೆ ಹಚ್ಚಬೇಡಿ. ಕೆಲವು ಕ್ಯಾಂಪ್‌ಗ್ರೌಂಡುಗಳಲ್ಲಿ ನಲ್ಲಿಯ ಒತ್ತಡವೇ ವಿಪರೀತವಾಗಿರುವುದರಿಂದ, ಕೊಳವೆ ಜೋಡಿಸುವ ಮುನ್ನ 40ರಿಂದ 60 ಪಿಎಸ್‌ಐ ಮಿತಿಯ ಪ್ರೆಶರ್ ರೆಗ್ಯುಲೇಟರ್ ಹಾಕುವುದು ಹೀಟರಿಗಷ್ಟೇ ಅಲ್ಲ, ಗಾಡಿಯ ಎಲ್ಲ ಜೋಡಣೆಗಳಿಗೂ ಒಳ್ಳೆಯದು.

ಕೆಳಗಿನ ಪ್ಲಗ್ಗಿನಿಂದ ಸೋರುತ್ತಿದ್ದರೆ ಹೀಟರ್ ಯಾವ ಬಗೆಯದೆಂದು ಮೊದಲು ತಿಳಿಯಬೇಕು. ಸಬರ್ಬನ್ ಕಂಪನಿಯ ಹೀಟರಿನ ಟ್ಯಾಂಕು ಪೋರ್ಸೆಲಿನ್ ಲೇಪದ ಉಕ್ಕಿನದು. ಅದರ ಪ್ಲಗ್ಗಿನಲ್ಲಿಯೇ ಆನೋಡ್ ರಾಡ್ ಸೇರಿರುತ್ತದೆ. ಉಕ್ಕಿನ ಬದಲು ತಾನು ಸವೆದು ಟ್ಯಾಂಕನ್ನು ಕಾಯುವ ಈ ರಾಡ್ ಮುಕ್ಕಾಲು ಪಾಲು ಕರಗಿದ್ದರೆ ಬದಲಾಯಿಸಬೇಕು. ಬಿಚ್ಚಲು 1 1/16 ಇಂಚಿನ ಸಾಕೆಟ್ ಬೇಕು. ಆಟ್‌ವುಡ್ ಕಂಪನಿಯ ಟ್ಯಾಂಕು ಅಲ್ಯೂಮಿನಿಯಮಿನದು, ಅದಕ್ಕೆ ನೈಲಾನ್ ಪ್ಲಗ್ಗೇ ಸಾಕು, ಆನೋಡ್ ರಾಡ್ ಹಾಕಬಾರದು. ಎರಡರಲ್ಲಿಯೂ ಪ್ಲಗ್ಗಿನ ಮರೆಯನ್ನು (ಥ್ರೆಡ್) ಬ್ರಶ್ಶಿನಿಂದ ಶುಚಿಗೊಳಿಸಿ, ಟೆಫ್ಲಾನ್ ಟೇಪನ್ನು ಕೆಲವು ಸುತ್ತು ಸುತ್ತಿ, ಮೊದಲು ಕೈಯಿಂದಲೇ ತಿರುಗಿಸಬೇಕು. ನೈಲಾನಿನ ಮರೆ ಅಡ್ಡಕ್ಕೆ ಹೋದರೆ ಪ್ಲಗ್ ಹೋದಂತೆಯೇ, ಹಾಗಾಗಿ ಒಂದೆರಡು ಹೆಚ್ಚಿನವು ಗಾಡಿಯಲ್ಲಿರಲಿ.

ಹಿಂಬದಿಯ ಪೆಕ್ಸ್ (ಬಾಗುವ ಪ್ಲಾಸ್ಟಿಕ್) ಪೈಪಿನ ಜೋಡಣೆಗಳು ಹಲವು ಗಾಡಿಗಳಲ್ಲಿ ಪ್ಲಾಸ್ಟಿಕ್ಕಿನವು. ರಸ್ತೆಯ ಕುಲುಕಾಟಕ್ಕೆ ಅವು ಸಡಿಲಗೊಳ್ಳುತ್ತವೆ. ಸ್ಪ್ಯಾನರಿನಿಂದ ಬಲವಾಗಿ ಬಿಗಿದರೆ ನಟ್ಟು ಸೀಳುತ್ತದೆ. ಕೈಬಿಗಿತದ ಮೇಲೆ ಕಾಲು ಸುತ್ತು ಸಾಕು. ನೀರು ಹೆಪ್ಪುಗಟ್ಟಿ ಪೈಪು ಒಡೆಯುವುದನ್ನು ಊರಿನಲ್ಲಿ ಕಂಡೇ ಇರದ ನಮ್ಮಂಥವರು ಚಳಿಗಾಲಕ್ಕೆ ಮುನ್ನ ಹೀಟರನ್ನು ಬರಿದು ಮಾಡಲು ಮರೆಯುತ್ತೇವೆ, ಮತ್ತು ವಸಂತದ ಮೊದಲ ಪ್ರವಾಸದಲ್ಲಿ ಬಿಸಿನೀರಿನ ಕಡೆಯ ಚೆಕ್ ವಾಲ್ವ್ ಸೀಳಿರುವುದನ್ನು ಕಾಣುತ್ತೇವೆ.

ಇಷ್ಟೆಲ್ಲವೂ ಒಣಗಿದ್ದು, ಹೊದಿಕೆಯಿಂದ ಮಾತ್ರ ನೀರು (ಉಕ್ಕಿನ ಟ್ಯಾಂಕಾದರೆ ತುಕ್ಕಿನ ಬಣ್ಣದ್ದು) ಇಳಿಯುತ್ತಿದ್ದರೆ ಆಗ ಟ್ಯಾಂಕನ್ನೇ ಶಂಕಿಸಬೇಕು. ಎಪಾಕ್ಸಿ ಅಂಟು ಹಚ್ಚುವುದು ವ್ಯರ್ಥ. ಕಾಯುತ್ತ ತಣಿಯುತ್ತ ಹಿಗ್ಗಿ ಕುಗ್ಗುವ ಲೋಹದ ಮೇಲೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಹೀಟರನ್ನು ಬದಲಾಯಿಸುವಾಗ ಗ್ಯಾಸಿನ ಜೋಡಣೆಯನ್ನು ಪರವಾನಗಿಯುಳ್ಳ ತಂತ್ರಜ್ಞರಿಗೇ ಬಿಡಿ. ಪ್ರವಾಸದ ನಡುವೆಯಾದರೆ ಟ್ಯಾಂಕನ್ನು ಬರಿದು ಮಾಡಿ, ಬೈಪಾಸಿಗೆ ತಿರುಗಿಸಿ, ವಿದ್ಯುತ್ತು ಗ್ಯಾಸು ಎರಡನ್ನೂ ಆರಿಸಿಟ್ಟು ತಣ್ಣೀರಿನಲ್ಲಿಯೇ ಮುಂದುವರಿಯಬಹುದು. ಮಕ್ಕಳ ಸ್ನಾನಕ್ಕೆ ಒಲೆಯ ಮೇಲೊಂದು ಪಾತ್ರೆ ಇಟ್ಟರಾಯಿತು.

ದುರಸ್ತಿಯ ನಂತರ ಟ್ಯಾಂಕನ್ನು ತುಂಬಿಸುವಾಗ ಬಿಸಿನೀರಿನ ನಲ್ಲಿ ಕೆಮ್ಮುವುದನ್ನು ನಿಲ್ಲಿಸಿ ಸರಾಗವಾಗಿ ಹರಿಯುವವರೆಗೆ ಹೀಟರಿನ ಸ್ವಿಚ್ಚನ್ನು ಮುಟ್ಟಬಾರದು, ಏಕೆಂದರೆ ಬರಿದಾದ ಟ್ಯಾಂಕಿನಲ್ಲಿ ವಿದ್ಯುತ್ ಕಾಯಿಲ್ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಒದ್ದೆಯಾದ ಹಲಗೆಗೆ ಫ್ಯಾನ್ ಹಿಡಿದು ಕೆಲವು ದಿನ ಒಣಗಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಿರಿ. ಮೆತ್ತಗಾಗಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಬೇಕು. ಹೊಸ ಪತ್ರಿಕೆಯೊಂದನ್ನು ಹೀಟರಿನ ಕೆಳಗೆ ಹಾಸಿ, ಬಿಸಿಯಾಗಿ ತಣಿಯುವ ಒಂದು ಇಡೀ ರಾತ್ರಿ ಕಳೆದ ಮೇಲೆ, ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿರಿ.