ನಿಮ್ಮ ಎಸ್‌ಎಸ್‌ಎಚ್‌ಗೆ ಎರಡನೇ ಬೀಗ ಹಾಕುವುದು ಹೇಗೆ

ದೂರದ ಸರ್ವರ್‌ಗೆ ಗುಟ್ಟಾಗಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್, ಎರಡೂ ಕಡೆಯವರು ಸೇರಿ ಒಂದು ರಹಸ್ಯ ಕೀ ಮಾಡಿಕೊಳ್ಳಲು ಎಲಿಪ್ಟಿಕ್ ಕರ್ವ್ ಎಂಬ ಗಣಿತವನ್ನು ನಂಬುತ್ತದೆ. ಕ್ವಾಂಟಮ್ ಕಂಪ್ಯೂಟರ್‌ಗೂ ಜಗ್ಗದ ಎಲಿಪ್ಟಿಕ್ ಕರ್ವ್ ಇದೆಯಾ ಅಂತ ತುಂಬಾ ಜನ ಕೇಳುತ್ತಾರೆ. ದಿನಾ ಬಳಸುವ ಎಕ್ಸ್25519, ಪಿ-256 ಎಂಬ ಕರ್ವ್‌ಗಳು ಎರಡೂ ಜಗ್ಗುತ್ತವೆ. ಸಾಕಷ್ಟು ದೊಡ್ಡ ಕ್ವಾಂಟಮ್ ಯಂತ್ರ ಬಂದರೆ ಅವನ್ನು ಒಡೆಯಲು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದ ದಾರಿ ಸಾಕು. ಕರ್ವ್‌ನಿಂದ ಕರ್ವ್‌ಗೆ ಹೋಗುವ ಐಸೋಜೆನಿ ಎಂಬ ಗಣಿತದ ನಕ್ಷೆಗಳನ್ನು ನಂಬಿ, ಕ್ವಾಂಟಮ್‌ಗೂ ಜಗ್ಗದಿರಲೆಂದು ಕಟ್ಟಿದ ಸೈಕ್ ಅಂತ ಒಂದು ವಿಧಾನವಿತ್ತು, ಕೀ ಪುಟ್ಟದಾಗಿತ್ತು, ನನಗಂತೂ ತುಂಬಾ ಇಷ್ಟವಾಗಿತ್ತು. 2022ರಲ್ಲಿ ಬೆಲ್ಜಿಯಂನ ಗೂಢಲಿಪಿ ತಜ್ಞರಾದ ಕಾಸ್ಟ್ರೈಕ್ ಮತ್ತು ಡೆಕ್ರು ಮಾಮೂಲಿ ಕಂಪ್ಯೂಟರಿನ ಒಂದೇ ಕೋರ್‌ನಲ್ಲಿ, ಸುಮಾರು ಒಂದು ಗಂಟೆಯಲ್ಲಿ, ಅದರ ಚಿಕ್ಕ ಆವೃತ್ತಿಯನ್ನು ಮುರಿದೇಬಿಟ್ಟರು. ಕ್ವಾಂಟಮ್ ಬೇಕೇ ಆಗಲಿಲ್ಲ!

ಅದಕ್ಕೇ ಈಗ ಹೈಬ್ರಿಡ್. ಹಳೆಯ ಕರ್ವ್ ಇದ್ದಲ್ಲೇ ಇರುತ್ತದೆ, ಪಕ್ಕದಲ್ಲಿ ಲ್ಯಾಟಿಸ್ (ಬಿಂದುಗಳ ಜಾಲ) ಗಣಿತದ, ಕ್ವಾಂಟಮ್‌ಗೂ ಜಗ್ಗದಿರಲೆಂದು ಮಾಡಿದ ಎಂಎಲ್-ಕೆಮ್ ಕೂರುತ್ತದೆ, ಎರಡರ ಗುಟ್ಟನ್ನೂ ಸೇರಿಸಿ ಹ್ಯಾಶ್ ಮಾಡಿ, ಅಂದರೆ ಮತ್ತೆ ಬಿಡಿಸಲಾಗದಂತೆ ಕಲಸಿ, ಒಂದು ಕೀ ಮಾಡಿಕೊಳ್ಳುತ್ತಾರೆ. ಕಳ್ಳ ಎರಡನ್ನೂ ಒಡೆಯಬೇಕು. ಎಂಎಲ್-ಕೆಮ್‌ಗೆ ನಾಳೆ ಸೈಕ್‌ನ ಗತಿಯೇ ಬಂದರೂ ಕರ್ವ್ ಇದ್ದೇ ಇದೆಯಲ್ವಾ?

ಮೊದಲು ಆವೃತ್ತಿ ನೋಡಿ. ಟರ್ಮಿನಲ್‌ನಲ್ಲಿ ಎಸ್‌ಎಸ್‌ಎಚ್ ಎಂದು ಬರೆದು, ಹೈಫನ್ ಹಾಕಿ, ದೊಡ್ಡಕ್ಷರದ ವಿ ಒತ್ತಿ. ಓಪನ್‌ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್ ನಡೆಸುವ ಸಾಫ್ಟ್‌ವೇರ್) 9.9 ಅಥವಾ ಹೊಸದು ಬೇಕು, ಅದೂ ನಿಮ್ಮ ಕಂಪ್ಯೂಟರ್, ಸರ್ವರ್ ಎರಡೂ ಕಡೆ. 10.0ರಲ್ಲಿ ಈ ಹೈಬ್ರಿಡ್ ತಾನಾಗಿಯೇ ಮೊದಲ ಆಯ್ಕೆ. 9.0ರಿಂದ 9.8ರವರೆಗಿನದು ಇದ್ದರೆ ಗಾಬರಿ ಬೇಡ, ಅಲ್ಲಿ ಎಂಎಲ್-ಕೆಮ್ ಬದಲು ಎಸ್‌ಎನ್‌ಟ್ರೂಪ್761 ಎಂಬ ಇನ್ನೊಂದು ಲ್ಯಾಟಿಸ್ ಇದೆ.

ಜಾಸ್ತಿ ಜನ ಎಡವುವುದು ಸರ್ವರ್‌ನ ಕಾನ್ಫಿಗ್ ಫೈಲ್‌ನಲ್ಲಿ. ಐದಾರು ವರ್ಷದ ಹಿಂದೆ ಯಾವುದೋ ಗೈಡ್ ನೋಡಿ ಕೆಕ್ಸ್‌ಆಲ್ಗೋರಿದಮ್ಸ್ (ಕೀ ಮಾಡಿಕೊಳ್ಳುವ ವಿಧಾನಗಳ ಪಟ್ಟಿ) ಎನ್ನುವ ಸಾಲನ್ನು ಅಂಟಿಸಿ ಮರೆತಿರುತ್ತೀರಿ (ನಾನೂ ಮರೆತಿದ್ದೆ), ಅದು ಹಳೆಯ ಪಟ್ಟಿ, ಸಾಫ್ಟ್‌ವೇರ್ ಎಷ್ಟೇ ಹೊಸದಾದರೂ ಆ ಪಟ್ಟಿಯಲ್ಲಿಲ್ಲದ್ದನ್ನು ಮುಟ್ಟುವುದಿಲ್ಲ. ಆ ಸಾಲು ಅಳಿಸಿ. ಸರ್ವರ್ ಕಡೆಯ ಪ್ರೋಗ್ರಾಂ ಆದ ಎಸ್‌ಎಸ್‌ಎಚ್‌ಡಿಗೆ ಹೈಫನ್, ಚಿಕ್ಕಕ್ಷರದ ಟಿ ಕೊಟ್ಟು ಫೈಲ್ ಸರಿಯಿದೆಯಾ ನೋಡಿ, ಆಮೇಲೆ ರೀಸ್ಟಾರ್ಟ್. ತೆರೆದಿರುವ ಕನೆಕ್ಷನ್ ಮಾತ್ರ ಮುಚ್ಚಬೇಡಿ, ಹೊಸ ಕಿಟಕಿಯಲ್ಲಿ ಒಳಗೆ ಹೋಗಿ ಪರೀಕ್ಷಿಸಿ, ಇಲ್ಲದಿದ್ದರೆ ನಿಮ್ಮದೇ ಸರ್ವರ್‌ನ ಹೊರಗೆ ನಿಲ್ಲಬೇಕಾದೀತು.

ಒಳಗೆ ಹೋಗುವಾಗ ಹೈಫನ್ ಜೊತೆ ಚಿಕ್ಕಕ್ಷರದ ವಿ ಹಾಕಿ. ಬರುವ ಸಾಲುಗಳಲ್ಲಿ ಕೆಕ್ಸ್ ಆಲ್ಗೋರಿದಮ್ ಎಂಬಲ್ಲಿ ಎಂಎಲ್‌ಕೆಮ್768ಎಕ್ಸ್25519 ಎಂದು ಶುರುವಾಗುವ ಹೆಸರು ಕಂಡರೆ ಆಯಿತು (9.9 ಅಥವಾ ಹಳೆಯದಾದರೆ ಎಸ್‌ಎನ್‌ಟ್ರೂಪ್761 ಕಂಡರೂ ಸರಿ).

ಭಾರ ಆಗುತ್ತಾ? ಎಕ್ಸ್25519ರ ಸಾರ್ವಜನಿಕ ಕೀ 32 ಬೈಟ್, ಎಂಎಲ್-ಕೆಮ್-768ದು 1184. ಕನೆಕ್ಷನ್ ಶುರುವಾಗುವಾಗ ಮಾತ್ರ ಅದರ ಕೆಲಸ, ನಿಮಗೆ ಗೊತ್ತೇ ಆಗುವುದಿಲ್ಲ.

ಲಾಗಿನ್ ಆಗುವವರು ನೀವೇ ಎಂದು ಸಹಿ ಹಾಕಲು ಬಳಸುವ ಇಡಿ25519 ಕೀಯನ್ನು ಸುಮ್ನೆ ಇದ್ದ ಹಾಗೇ ಬಿಡಿ. ಇವತ್ತು ಹರಿಯುವ ಡೇಟಾವನ್ನು ಕೂಡಿಟ್ಟುಕೊಂಡು ಹತ್ತು ವರ್ಷದ ಮೇಲೆ ಬಿಚ್ಚಿ ಓದಬಹುದು, ಆದರೆ ಮುಗಿದುಹೋದ ಲಾಗಿನ್‌ಗೆ ಆಮೇಲೆ ಸಹಿ ನಕಲು ಮಾಡಿ ಯಾರೂ ಒಳಗೆ ಬರಲಾರರು.